ಧರೆಗೆ ಬೆನ್ನು ಹಾಕಿದ ದಿನ

ನಮ್ಮೂರಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಯಾರಾದರೊಬ್ಬರು ಧರೆಯನ್ನು ನೋಡುತ್ತ ಕೂತಿರಬೇಕು. ನೋಡುವ ಕಣ್ಣು ಇರುವಷ್ಟು ಹೊತ್ತು ಅದು ಬೀಳುವುದಿಲ್ಲ. ಇರುಳಲ್ಲಿ ಕಲ್ಲೂ ಮಲಗುತ್ತದೆ, ಆಗಿನ ಚಿಂತೆ ನಮಗಿಲ್ಲ. ಹಗಲಿನದೇ ಚಿಂತೆ. ಹಾಗಾಗಿ ಮೂವತ್ತೆಂಟು ಮನೆಗಳಿಗೆ ದಿನಕ್ಕೆ ಮೂರರಂತೆ ಸರದಿ. ಹೆರಿಗೆಯಾಗಿರಲಿ, ಮದುವೆಯಿರಲಿ, ಸಾವೇ ಆಗಿರಲಿ, ಸರದಿ ಬಂದ ಮನೆಯಿಂದ ಒಬ್ಬರು ಹೋಗಲೇಬೇಕು. ಕೂತವರು ಅಲಸಂಡೆ ಸುಲಿಯಬಹುದು, ಬಲೆ ಹೆಣೆಯಬಹುದು, ಹಾಡಿಕೊಳ್ಳಬಹುದು, ಎಲೆಯಡಿಕೆ ಹಾಕಬಹುದು. ಕಣ್ಣು ಮಾತ್ರ ಕೈಯ ಕಡೆಗೆ ಇಳಿಯಬಾರದು. ರೆಪ್ಪೆ ಬಡಿಯುವಷ್ಟನ್ನು ಧರೆ ಮನ್ನಿಸುತ್ತದೆ. ಒಟ್ಟಿಗೆ ನಾಲ್ಕೈದು ಸೀನು ಬಂದರೆ ಹಿಡಿಯಷ್ಟು ಪುಡಿ ಉದುರುತ್ತದೆ, ಅದಕ್ಕೇ ನೆಗಡಿಯಾದವರನ್ನು ಕಳಿಸುವುದಿಲ್ಲ. ಹೆಣ್ಣು ನೋಡಲು ಬಂದವರು ಅಡುಗೆ ಹೊಲಿಗೆ ವಿಚಾರಿಸುವ ಮೊದಲು "ಹುಡುಗಿ ಎಷ್ಟು ಹೊತ್ತು ಕೂರ್ತಾಳೆ" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ.

ಧರೆ ಎಂದರೆ ಮಣ್ಣಿನ ದಿಬ್ಬವಲ್ಲ. ಸುಣ್ಣಕಲ್ಲಿನ ಗೋಡೆ. ಏಳೆಂಟು ತೆಂಗಿನಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ, ಮೇಲೆ ನಮ್ಮ ಊರು, ಬುಡದಲ್ಲಿ ಒಂದಿಷ್ಟು ಮರಳು, ಆಮೇಲೆ ಕಡಲು. ಕಲ್ಲು ಪದರ ಪದರವಾಗಿ ಜೋಡಿಸಿಟ್ಟ ಹಾಗೆ ಇದೆ. ಆ ಪದರಗಳ ನಡುವೆ ಶಂಖ, ಚಿಪ್ಪು, ಯಾವುದೋ ಕಾಲದ ಮೀನಿನ ಮುಳ್ಳು, ಎಲ್ಲ ಕಲ್ಲಾಗಿ ಕೂತಿವೆ. ಗೋಡೆ ಕುಡುಗೋಲಿನಂತೆ ಬಾಗಿ, ತೆಂಕಣ ತುದಿಯಲ್ಲಿ ಕಡಲೊಳಗೆ ಚಾಚಿಕೊಂಡಿದೆ. ಆ ತುದಿಯನ್ನು ನಾವು ಮೂಗು ಎನ್ನುತ್ತೇವೆ. ಅಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ತೆಂಗಿನ ಗರಿಯ ಮಾಡು. ಕಟ್ಟೆಯ ಮೇಲೆ ಕೂತರೆ, ಎದುರಿಗೆ ಕೂತವರ ಮುಖ ಕಂಡ ಹಾಗೆ ಇಡೀ ಧರೆ ಕಾಣುತ್ತದೆ. ಸರದಿಯವರು ಕೂರುವುದು ಅಲ್ಲಿಯೇ. ಹಿಂದಿನವರು ಏಳಬೇಕಾದರೆ ಮುಂದಿನವರು ಪಕ್ಕದಲ್ಲಿ ಕೂತು, ಧರೆಗೆ ಕಣ್ಣು ಕೊಟ್ಟು, "ಕಂಡೆ" ಎನ್ನಬೇಕು. ಆ ಮಾತು ಬೀಳುವ ತನಕ ಯಾರೂ ಎದ್ದದ್ದಿಲ್ಲ.

ಎದ್ದದ್ದು ಒಬ್ಬನೇ, ಅದು ನನ್ನ ಅಪ್ಪ ಹುಟ್ಟುವ ಮೊದಲಿನ ಮಾತು. ಮದುವೆಯೊಂದರ ಊಟದ ಎಲೆ ಹಾಕಿದ್ದಾರೆ ಎಂದು ಕೇಳಿ ಅವನು ಎದ್ದು ಹೋದನಂತೆ. ಪಾಯಸ ಬರುವುದರೊಳಗೆ ಏಳು ಮನೆ ಕೆಳಗೆ ಹೋದವು, ಹನ್ನೊಂದು ಜನ ತೀರಿಕೊಂಡರು. ಆಮೇಲೆ ಅರುವತ್ತು ವರ್ಷ ನಮ್ಮೂರು ಒಂದು ಗಳಿಗೆಯೂ ತಪ್ಪಲಿಲ್ಲ.

ಹಾಗೆ ತಪ್ಪದೆ ಕೂತವರಲ್ಲಿ ನನ್ನ ಅತ್ತೆ ಮೂಕಾಂಬುವಿನ ಹೆಸರು ಮೊದಲು ಬರುತ್ತದೆ. ಅಪ್ಪನ ಅಕ್ಕ. ಇಪ್ಪತ್ತೇಳನೆಯ ವಯಸ್ಸಿಗೆ ಗಂಡ ಜ್ವರದಲ್ಲಿ ಹೋದ, ಮಕ್ಕಳಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದ್ದು ಅವರೇ. ಮದುವೆ ಚಪ್ಪರದಲ್ಲಿ, ಸೀಮಂತದಲ್ಲಿ ಅವರಿಗೆ ಹಿಂದಿನ ಸಾಲು. ಆದರೆ ಕಟ್ಟೆಯ ಮೇಲೆ ಅವರಂಥವರು ಇರಲಿಲ್ಲ. ಅವರು ಕೂತರೆಂದರೆ ಊರು ನಿಶ್ಚಿಂತೆಯಿಂದ ಅನ್ನಕ್ಕಿಡುತ್ತಿತ್ತು. ಯಾರ ಮನೆಯಲ್ಲಿ ಜ್ವರ ಬಂದರೂ, ಬಾಣಂತನವಿದ್ದರೂ ಮೊದಲು ಬಡಿಯುತ್ತಿದ್ದದ್ದು ನಮ್ಮ ಬಾಗಿಲು. "ಮೂಕಾಂಬಕ್ಕ, ಇವತ್ತೊಂದು ದಿನ" ಎಂದರೆ ಸಾಕು, ಅತ್ತೆ ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಡುತ್ತಿದ್ದರು. ಆಗ ಅವರ ನಡಿಗೆಯೇ ಬೇರೆ.

ನನ್ನ ಅಕ್ಷರ ಚೆನ್ನಾಗಿದೆ ಎಂದು ಗುರಿಕಾರ ಸಂಕಪ್ಪನವರು ಸರದಿಯ ಪುಸ್ತಕವನ್ನು ನನ್ನ ಕೈಗೆ ಕೊಟ್ಟಿದ್ದರು. ಊರಿನ ಮಾತು ನಡೆಸುವ ಹಿರಿಯರು ಅವರು, ಎಪ್ಪತ್ತು ದಾಟಿತ್ತು. ಅವರ ಚಾವಡಿಯ ಕರಿಹಲಗೆಯ ಮೇಲೆ ಪ್ರತಿ ಸೋಮವಾರ ಆ ವಾರದ ಹೆಸರು ಬರೆಯುವುದು ನನ್ನ ಕೆಲಸ. ಹಾಗಾಗಿ ಯಾರು ಯಾವಾಗ ಕೂತರು ಎಂಬುದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಮುಂದೆ ನಡೆದದ್ದರಲ್ಲಿ ನನ್ನ ತಪ್ಪೂ ಇದೆ ಎನ್ನುವುದು ಇದಕ್ಕೇ.

ಅತ್ತೆಗೆ ಕಣ್ಣು ಮಸುಕಾಗುತ್ತಿದೆ ಎಂದು ನನಗೆ ಅನುಮಾನ ಬಂದದ್ದು ಒಂದು ಬೇಸಿಗೆಯಲ್ಲಿ. ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಹೊಯ್ದರು. ಅಕ್ಕಿಯ ಕಲ್ಲನ್ನು ಕಣ್ಣಲ್ಲಿ ಆರಿಸುತ್ತಿದ್ದವರು ಬೆರಳಲ್ಲಿ ಸವರಿ ಸವರಿ ಹುಡುಕತೊಡಗಿದರು. ಅಂಗಳಕ್ಕೆ ಯಾರಾದರೂ ಬಂದರೆ ಅವರು ಬಾಯಿ ತೆರೆಯುವ ತನಕ ಅತ್ತೆ ಸುಮ್ಮನಿರುತ್ತಿದ್ದರು, ಧ್ವನಿ ಕೇಳಿದ ಮೇಲೆ "ಬನ್ನಿ ಬನ್ನಿ" ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ತಾಲ್ಲೂಕಿನ ಆಸ್ಪತ್ರೆಯವರು ಕಣ್ಣು ನೋಡಲು ಬಂದ ದಿನ, ಸೊಂಟನೋವು ಎಂದು ಚಾಪೆ ಹಾಸಿ ಮಲಗಿಬಿಟ್ಟರು.

ಮಳೆಗಾಲ ಕಳೆದ ಮೇಲೆ ಧರೆಯ ಬುಡದಲ್ಲಿ ಅಲ್ಲಲ್ಲಿ ಹೊಸ ಕಲ್ಲಿನ ಚೂರು ಬಿದ್ದಿವೆ ಎಂದು ಮರುವಾಯಿ ಚಿಪ್ಪು ಹೆಕ್ಕಲು ಹೋಗುವ ಹೆಂಗಸರು ಮಾತಾಡಿಕೊಂಡರು. ಅದು ಯಾವ ದಿನ, ಯಾವ ಹೊತ್ತು ಎಂದು ಸುಮ್ಮನೆ ಕೇಳಿದೆ. ಮನೆಗೆ ಬಂದು ಪುಸ್ತಕ ತೆರೆದು ನೋಡಿದೆ. ಎಲ್ಲವೂ ಅತ್ತೆ ಕೂತ ಹೊತ್ತು. ಪುಸ್ತಕ ಮುಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಪ್ರೀತಿಯಿಂದ ಹೇಳಲಿಲ್ಲ ಎಂದರೆ ಅರ್ಧ ಸುಳ್ಳು. ತಿಂಗಳಿಗೆ ಹತ್ತು ಹನ್ನೆರಡು ಖಾಲಿ ಸರದಿಗೆ ನಾನು ಕಣ್ಣು ಮುಚ್ಚಿ ಅತ್ತೆಯ ಹೆಸರು ಬರೆಯುತ್ತಿದ್ದೆ. ಅವರಿಲ್ಲದಿದ್ದರೆ ಹಲಗೆ ತುಂಬುತ್ತಿರಲಿಲ್ಲ. ದೊಡ್ಡದೇನೂ ಬೀಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಗಲಲ್ಲಿ ದೋಣಿಯಲ್ಲಿರುವವರು, ಮರಳಿನ ಮೇಲಿರುವವರು ಯಾರಾದರೂ ಆಗೊಮ್ಮೆ ಈಗೊಮ್ಮೆ ಧರೆಯ ಕಡೆ ಕಣ್ಣೆತ್ತುತ್ತಾರೆ, ಆ ನೋಟಗಳೇ ಅದನ್ನು ಹೇಗೋ ಎತ್ತಿ ಹಿಡಿದಿದ್ದವು.

ಆದರೆ ಧರೆಯ ಸ್ಥಿತಿಯೂ ಮೊದಲಿನಂತಿರಲಿಲ್ಲ. ಅರುವತ್ತು ವರ್ಷ ಮೇಲಿನಿಂದ ಒಂದು ಬಂಡೆಯೂ ಉರುಳಿರಲಿಲ್ಲ, ಕಡಲು ಮಾತ್ರ ಬುಡವನ್ನು ತಿನ್ನುವುದನ್ನು ಬಿಟ್ಟಿರಲಿಲ್ಲ. ಬುಡ ಒಳಗೆ ಹೋಗಿ ಹೋಗಿ ಮೇಲಿನ ಕಲ್ಲು ಮನೆಯ ಸೂರಿನಂತೆ ಹೊರಗೆ ಚಾಚಿ ನಿಂತಿತ್ತು. ಆ ಸೂರಿನ ಮೇಲೆ ನಾಲ್ಕು ಮನೆ, ಅದರಲ್ಲಿ ಮೊದಲನೆಯದು ನಮ್ಮದು. ನಮ್ಮ ಹಿತ್ತಲ ಹಿಂದೆ ನೆಲದಲ್ಲಿ ಒಂದು ಬಿರುಕು ಓಡಿತ್ತು. ನಾನು ಚಿಕ್ಕವಳಿದ್ದಾಗ ಅದರೊಳಗೆ ಹುಲ್ಲುಕಡ್ಡಿ ತೂರಿಸುತ್ತಿದ್ದೆವು. ಈಗ ಕಾಲು ಹೋಗುತ್ತಿತ್ತು. ಕೆಳಗೆ ಮರಳು ಸವೆದು ದೋಣಿ ಎಳೆಯಲು ಜಾಗವಿರಲಿಲ್ಲ, ನೀರು ಪೂರಾ ಇಳಿದಾಗಲಷ್ಟೇ ಒಂದು ಗಳಿಗೆ ಸಿಗುತ್ತಿತ್ತು. ಗೋಡೆಯ ಮೆಟ್ಟಿಲುಗಳಲ್ಲಿ ಗೂಡು ಕಟ್ಟುತ್ತಿದ್ದ ಕಡಲಕ್ಕಿಗಳು, ಅಲ್ಲಿ ಪೊದೆ ಬೆಳೆದು ಮುಚ್ಚಿಕೊಂಡ ಮೇಲೆ ಬರುವುದನ್ನೇ ಬಿಟ್ಟಿದ್ದವು. ಊರಿನವರು ಇದನ್ನೆಲ್ಲ ನೋಡಿ ಮಾಡಿದ್ದು ಒಂದೇ, ಇನ್ನೂ ಬಿಗಿಯಾಗಿ ಕಾಯುವುದು.

ಕಾರ್ತಿಕದ ಒಂದು ಬೆಳಿಗ್ಗೆ ಅತ್ತೆಯ ಸರದಿಯಿತ್ತು. ಮೀನು ಹಿಡಿಯುವ ದೂಮಣ್ಣನ ದೋಣಿ ಹೊರಗೆ ಹೋಗಿತ್ತು. ಅವನ ಹೆಂಡತಿ ಸುಂದರಿ ಒಬ್ಬಳೇ ಕೆಳಗೆ ಬಗ್ಗಿ ಮರುವಾಯಿ ಕೆದಕುತ್ತಿದ್ದಳು. ರುಬ್ಬುಗುಂಡಿನಷ್ಟು ದೊಡ್ಡ ಕಲ್ಲೊಂದು ಕಳಚಿ ಬಂತು. ಬುಟ್ಟಿ ಚೂರಾಯಿತು, ಸಿಡಿದ ತುಂಡು ಸುಂದರಿಯ ಭುಜಕ್ಕೆ ಬಡಿದು ಮೂಳೆ ಮುರಿಯಿತು. ಅವಳು ಕೂಗಿದ್ದು ಮೇಲಿನ ಅಡುಗೆಮನೆಗಳಿಗೆ ಕೇಳಿಸಿತು. ನಾಲ್ಕು ಜನ ಇಳಿದು ಅವಳನ್ನು ಹೊತ್ತು ತಂದರು.

ಹೊತ್ತು ತಂದವರ ಮೊದಲ ಪ್ರಶ್ನೆ, ಕಟ್ಟೆಯ ಮೇಲೆ ಯಾರಿದ್ದರು ಎಂಬುದು. "ಮೂಕಾಂಬಕ್ಕ" ಎಂದು ಯಾರೋ ಹೇಳಿದರು. ಬೇರೆ ಯಾರ ಹೆಸರು ಬಂದಿದ್ದರೂ ಬೈಗುಳ ಸುರಿಯುತ್ತಿತ್ತು. ಅತ್ತೆಯ ಹೆಸರು ಕೇಳಿ ಅವರಿಗೆ ಹುಟ್ಟಿದ್ದು ಭಯ. ಮೂಕಾಂಬು ನೋಡುತ್ತಿದ್ದಾಗಲೇ ಬಿದ್ದಿದೆ ಎಂದ ಮೇಲೆ ಇನ್ನು ಧರೆಗೆ ನೋಟದ ಮರ್ಯಾದೆ ಇಲ್ಲ ಎಂದೇ ಲೆಕ್ಕ. ಸಂಜೆಯೊಳಗೆ ಆ ಮಾತು ಮನೆಮನೆಗೆ ಹರಡಿತು. ಮರುದಿನ ಸಂಕಪ್ಪನವರು ಚಾವಡಿಯಲ್ಲಿ ನಿಂತು, "ಇನ್ನು ಇಲ್ಲಿ ಇರುದು ಕ್ಷೇಮ ಅಲ್ಲ. ಹುಣ್ಣಿಮೆಯ ಒಳಗೆ ಊರು ಬಿಡುವ" ಎಂದರು. ಎಲ್ಲಿಗೆ ಹೋಗುವುದು ಎಂದು ಕೇಳಿದವರಿಗೆ, "ಮೊದಲು ಹೆಂಚು ಇಳಿಸಿ, ಮತ್ತೆ ನೋಡುವ" ಎಂದರು.

ಜನ ಹೆಂಚು ಇಳಿಸತೊಡಗಿದರು. ಬಾವಿಯ ರಾಟೆ ಬಿಚ್ಚಿದರು. ಪಕ್ಕದ ಮನೆಯ ಮುದುಕಿ ತುಳಸಿಕಟ್ಟೆಯನ್ನು ಹೇಗೆ ಕೊಂಡುಹೋಗುವುದು ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಅತ್ತೆ ಮೂರು ದಿನ ಗಂಜಿಯ ತಿಳಿಯ ಹೊರತು ಏನೂ ಮುಟ್ಟಲಿಲ್ಲ. ಜಗಲಿಯಲ್ಲಿ ಕಂಬಕ್ಕೆ ಒರಗಿ, ಸುತ್ತ ಹೆಂಚು ಇಳಿಸುವ ಸದ್ದು ಕೇಳುತ್ತ ಕೂತಿದ್ದರು. ಮೂರನೆಯ ದಿನ ಮಧ್ಯಾಹ್ನ, ಪಾತ್ರೆ ಕಟ್ಟುತ್ತಿದ್ದ ನನ್ನನ್ನು ಕರೆದರು.

"ಜಲಜ, ಪುಸ್ತಕ ಬರೆಯುವವಳು ನೀನು. ನಿನಗೆ ಗೊತ್ತಿತ್ತಲ್ಲ?"

ನಾನು ಚೊಂಬು ಕೆಳಗಿಟ್ಟೆ. "ಎಂತ ಗೊತ್ತಿತ್ತು ಅತ್ತೆ?"

"ಸುಮ್ಮನೆ ಇರು. ಹೊಸಿಲ ಹತ್ರ ಚೆಂಬು ಇಟ್ರೆ ಎಡವ್ತೇನೆ ಅಂತ ನೀನೇ ತೆಗೆದು ಮೂಲೆಗಿಡ್ತಿದ್ದೆ, ಎಂಟು ತಿಂಗಳಿಂದ. ನನಗೆ ಕಾಣುದಿಲ್ಲ ಅಂತ ನಿನಗೆ ಗೊತ್ತುಂಟು, ನಿನಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು."

"ಎಷ್ಟು ಕಾಣ್ತದೆ ಈಗ?"

"ಬೆಳಕು ಯಾವ ಕಡೆ ಅಂತ ಗೊತ್ತಾಗ್ತದೆ. ಧರೆ ಅಂದ್ರೆ ಒಂದು ಬಿಳಿ. ಅಷ್ಟೇ." ಅವರು ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ಕೂತರು. "ಕಂಡೆ ಅಂತ ಹೇಳುವಾಗ ಪ್ರತಿ ಸಲ ನಾಲಗೆ ಸುಡ್ತಿತ್ತು. ನಾಳೆಯಿಂದ ಬರುದಿಲ್ಲ ಅಂತ ಹೇಳುವ ಅಂದ್ರೆ, ಮತ್ತೆ ಯಾರು ನಮ್ಮ ಬಾಗಿಲಿಗೆ ಬರ್ತಾರೆ? ಆ ಒಂದು ಆಸೆ. ಅದಕ್ಕೆ ಸುಂದರಿಯ ಜೀವ ಹೋಗ್ತಿತ್ತು. ಈಗ ಊರೇ ಹೋಗ್ತಾ ಉಂಟು. ಏಳು, ನನ್ನ ಕೈ ಹಿಡಿ."

ನಾವು ಚಾವಡಿಗೆ ಹೋದಾಗ ಸಾಮಾನು ಸಾಗಿಸುವ ಮಾತಿಗೆ ಹೆಚ್ಚುಕಡಿಮೆ ಎಲ್ಲರೂ ಅಲ್ಲಿ ಸೇರಿದ್ದರು. ಸುಂದರಿ ಬಟ್ಟೆಯ ಜೋಲಿಯಲ್ಲಿ ಕೈ ಇಟ್ಟುಕೊಂಡು ಗೋಡೆಗೆ ಒರಗಿದ್ದಳು, ಪಕ್ಕದಲ್ಲಿ ದೂಮಣ್ಣ. ಅತ್ತೆ ನನ್ನ ಕೈ ಬಿಟ್ಟು ನಡುವೆ ನಿಂತರು.

"ಧರೆ ಮಾತು ತಪ್ಪಲಿಲ್ಲ," ಎಂದರು. "ತಪ್ಪಿದ್ದು ನಾನು. ನನ್ನ ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಎಂಟು ತಿಂಗಳಿಂದ ನಾನು ಕೂತದ್ದೆಲ್ಲ ಸುಳ್ಳು ಸರದಿ."

ಯಾರೂ ನಂಬಲಿಲ್ಲ. ಸಂಕಪ್ಪನವರು ಕೆಮ್ಮುತ್ತ ಹತ್ತಿರ ಬಂದು, "ಮೂಕಾಂಬು, ನಾನು ಯಾರು ಹೇಳು" ಎಂದರು.

"ನೀವು ಗುರಿಕಾರ್ರು, ಕೆಮ್ಮಿದ್ದಕ್ಕೆ ಗೊತ್ತಾಯ್ತು. ನಿಮ್ಮ ಹೆಗಲ ಮೇಲೆ ವಸ್ತ್ರ ಉಂಟಾ ಇಲ್ವಾ ಅಂತ ಕೇಳಿದ್ರೆ ಗೊತ್ತಿಲ್ಲ."

ಅವರು ಮೆಲ್ಲನೆ ಕೈಯನ್ನು ಅತ್ತೆಯ ಮುಖದ ಮುಂದೆ ಆಡಿಸಿದರು. ರೆಪ್ಪೆ ಮಿಸುಕಲಿಲ್ಲ.

ಸುಂದರಿ ಗೋಡೆ ಬಿಟ್ಟು ಮುಂದೆ ಬಂದಳು. "ಮೂಕಾಂಬಕ್ಕ, ಅದು ನನ್ನ ತಲೆಗೆ ಬಿದ್ದಿದ್ರೆ?"

"ಅದನ್ನೇ ಮೂರು ದಿನ ಯೋಚನೆ ಮಾಡಿದ್ದು ನಾನು. ಬೇರೆ ಎಂತದೂ ಯೋಚನೆ ಮಾಡ್ಲಿಲ್ಲ."

"ಯೋಚನೆ ಮಾಡಿದ್ರೆ ಮೂಳೆ ಕೂಡುದಿಲ್ಲ," ಎಂದಳು ಸುಂದರಿ.

ಆಗ ನಾನೂ ಮುಂದೆ ಬಂದು ಅತ್ತೆಯ ಪಕ್ಕ ನಿಂತೆ. "ನನಗೂ ಗೊತ್ತಿತ್ತು. ಕಲ್ಲು ಉದುರಿದ್ದೆಲ್ಲ ಅತ್ತೆ ಕೂತ ಹೊತ್ತಿನಲ್ಲಿ ಅಂತ ಪುಸ್ತಕದಲ್ಲಿ ಉಂಟು. ನೋಡಿ ಮುಚ್ಚಿಟ್ಟೆ. ಬೈಯುದಾದ್ರೆ ಇಬ್ಬರಿಗೂ ಬೈಯಿರಿ."

ಬೈಗುಳ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಇನ್ನೊಬ್ಬರು. ತುಳಸಿಕಟ್ಟೆಯ ಮುದುಕಿ, "ಹಾಗಾದ್ರೆ ನಾವು ಹೋಗುದು ಬೇಡ್ವಾ?" ಎಂದಳು. ಯಾರೋ ನಕ್ಕರು. ಮೂರು ದಿನ ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಆ ನಗೆಯ ಹಿಂದೆ ಬಂತು, ಇಡೀ ಚಾವಡಿ ನಗತೊಡಗಿತು. ಸಂಕಪ್ಪನವರು ಕಂಬ ಹಿಡಿದು ಕೂತು, ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಧರೆಗೆ ನೋಟದ ಮರ್ಯಾದೆ ಇನ್ನೂ ಇತ್ತು. ಅದೇ ಸಾಕಾಗಿತ್ತು ಅವರಿಗೆ. ಸುಂದರಿ ಮಾತ್ರ ನಗಲಿಲ್ಲ, ಅವಳು ನಗಬೇಕೆಂದು ಯಾರೂ ಬಯಸಲೂ ಇಲ್ಲ.

ನಗು ಇಳಿದ ಮೇಲೆ ದೂಮಣ್ಣ ನನ್ನ ಕಡೆ ತಿರುಗಿ ಕೇಳಿದ. "ಎಂಟು ತಿಂಗಳು ಅಂದ್ರಲ್ಲ ಅಕ್ಕ? ಅಂದ್ರೆ ಚೈತ್ರದಿಂದ?"

"ಹೌದು."

"ತೆಂಕಣ ಮೂಲೆಯಲ್ಲಿ ಎರಡು ದೋಣಿ ಎಳೆಯುವಷ್ಟು ಮರಳು ಬಂದದ್ದೂ ಆಗಲೇ," ಎಂದ. ಅವನದು ಮಾತು ಕಡಿಮೆ, ಎಲ್ಲರೂ ಕಿವಿಗೊಟ್ಟರು. "ಕಡಲಿಗೆ ಕರುಣೆ ಬಂತು ಅಂತ ನಾನು ಎಣಿಸಿದ್ದೆ. ಕಡಲು ಅಲ್ಲ. ಬಿದ್ದ ಕಲ್ಲನ್ನು ನೀರು ಅರೆದು ಮರಳು ಮಾಡ್ತಾ ಉಂಟು. ಅಲ್ಲಿ ಗೋಡೆ ಕಿತ್ತು ಹೋದಲ್ಲಿ ಎರಡು ಜೋಡಿ ಹಕ್ಕಿ ಗೂಡು ಕಟ್ಟಿವೆ, ನಾನು ದೋಣಿಯಿಂದ ನೋಡಿದ್ದೇನೆ. ನಾವು ಅರುವತ್ತು ವರ್ಷ ಅದನ್ನು ಉಸಿರು ಬಿಡ್ಲಿಕ್ಕೆ ಬಿಡ್ಲಿಲ್ಲ ಗುರಿಕಾರ್ರೇ. ಆ ಸೂರು ಹೀಗೇ ಬೆಳೆದ್ರೆ ಒಂದು ದಿನ ನೋಡುವವರ ಕಣ್ಣೂ ತಡೆಯುದಿಲ್ಲ. ಬೀಳಿಸುವ."

"ಏಳು ಮನೆ," ಎಂದರು ಸಂಕಪ್ಪನವರು. ಅಷ್ಟೇ ಹೇಳಿದರು. ಆ ಹನ್ನೊಂದು ಜನರಲ್ಲಿ ಅವರ ಅಣ್ಣನೂ ಇದ್ದ.

"ಆಗ ಯಾವಾಗ ಬೀಳ್ತದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಈಗ ಯಾವಾಗ ಬೀಳ್ಬೇಕು ಅಂತ ನಾವು ಹೇಳ್ಬಹುದಲ್ಲ?"

ಆ ಮಾತು ಒಪ್ಪಿಗೆಯಾಗಲು ಹತ್ತು ದಿನ ಹಿಡಿಯಿತು. ಕೊನೆಗೆ ಅಮಾವಾಸ್ಯೆಯ ದಿನ, ಕಡಲು ದೂರ ಇಳಿಯುವ ಹೊತ್ತು ಎಂದು ಗೊತ್ತು ಮಾಡಿದರು. ಬಿರುಕಿನಿಂದ ಕಡಲ ಕಡೆಗಿದ್ದ ನಾಲ್ಕು ಮನೆಗಳ ಬಾಗಿಲು, ಮಾಡಿನ ಪಕಾಸು, ಹೆಂಚು, ಒಲೆಯ ಕಲ್ಲು ಎಲ್ಲವನ್ನೂ ಊರವರೇ ಸೇರಿ ಹಿಂದಿನ ಗೇರುಮರಗಳ ಹಾಡಿಯ ಪಕ್ಕಕ್ಕೆ ಸಾಗಿಸಿದರು. ಅಷ್ಟು ದಿನವೂ ಕಟ್ಟೆಯ ಮೇಲೆ ಒಬ್ಬರ ಬದಲು ಇಬ್ಬರು ಕೂತರು. ನಮ್ಮ ಮನೆಯ ಬರಿಯ ಗೋಡೆಗಳ ನಡುವೆ ಅತ್ತೆ ಕೊನೆಯ ಸಲ ಓಡಾಡಿದರು, ಕೈಯಿಂದ ಗೋಡೆ ಸವರುತ್ತ. ನನ್ನ ಹಾಗೆ ಅಳಲಿಲ್ಲ.

ಆ ಬೆಳಿಗ್ಗೆ ದೋಣಿಗಳೆಲ್ಲ ಮೂಗಿನ ಆಚೆ ಬದಿಗೆ ಹೋಗಿ ನಿಂತವು. ಊರಿನವರು ಗೇರು ಹಾಡಿಯ ಅಂಚಿನಲ್ಲಿ ಸೇರಿ ಧರೆಗೆ ಬೆನ್ನು ಹಾಕಿದರು. ಕಟ್ಟೆಯ ಮೇಲೆ ಕೂತಿದ್ದ ಸಂಕಪ್ಪನವರು ಶಂಖ ಊದಿ, ಎದ್ದು, ಮುಖ ತಿರುಗಿಸಿದರು.

ಏನೂ ಆಗಲಿಲ್ಲ.

ಅರ್ಧ ಗಂಟೆ ಕಳೆಯಿತು. ಬಿಸಿಲು ಏರಿತು. ಧರೆ ನಿಂತೇ ಇತ್ತು. ಸಂಕಪ್ಪನವರು ಹಾಡಿಯ ಹತ್ತಿರ ಬಂದು ವಿಚಾರಿಸಿದರೆ ಗುಟ್ಟು ಬಯಲಾಯಿತು. ಒಬ್ಬಳು ಬೆನ್ನು ಹಾಕಿಯೇ ಇದ್ದಳು, ಆದರೆ ಹಿತ್ತಾಳೆ ಹರಿವಾಣದ ಹೊಳಪಿನಲ್ಲಿ ನೋಡುತ್ತಿದ್ದಳು. ಇನ್ನೊಬ್ಬ ಬೆರಳ ಸಂದಿಯಿಂದ. ಶಾಲೆಯ ಮೇಷ್ಟ್ರು ಕತ್ತು ನೋವೆಂದು ತಿರುಗಿಸುತ್ತ ತಿರುಗಿಸುತ್ತ. ಕೊನೆಗೆ ಸಂಕಪ್ಪನವರೇ ಒಪ್ಪಿಕೊಂಡರು, ಅವರೂ ಎರಡು ಸಲ ತಿರುಗಿದ್ದರು. "ನೋಡಬಾರದು ಅಂತ ಗೊತ್ತುಂಟು. ಕುತ್ತಿಗೆ ಕೇಳುದಿಲ್ಲ," ಎಂದರು ಪೆಚ್ಚಾಗಿ. ಹುಟ್ಟಿದಾಗಿನಿಂದ ಕಲಿತದ್ದನ್ನು ಒಂದು ಬೆಳಿಗ್ಗೆಯಲ್ಲಿ ಬಿಡಲು ಯಾರಿಗಾಗುತ್ತದೆ.

"ಎಲ್ಲರೂ ಹಾಡಿಯ ಹಿಂದಿನ ಗುಡ್ಡದ ಆಚೆ ಇಳೀರಿ," ಎಂದರು ಅತ್ತೆ. "ಅಲ್ಲಿಂದ ಕತ್ತು ತಿರುಗಿಸಿದ್ರೂ ಕಾಣುದಿಲ್ಲ. ಕಟ್ಟೆಯ ಮೇಲೆ ನಾನು ಕೂತ್ಕೊಳ್ತೇನೆ."

"ನೀನು ಎಂತಕ್ಕೆ? ಯಾರೂ ಬೇಡ ಅಲ್ಲಿ," ಎಂದರು ಸಂಕಪ್ಪನವರು.

"ಯಾರೂ ಇಲ್ಲದೆ ಹೇಗೆ? ಮನೆಯಲ್ಲಿ ಒಬ್ಬರ ಜೀವ ಹೋಗುವಾಗ ಎಲ್ಲರೂ ಎದ್ದು ಹೊರಗೆ ಹೋಗ್ತಾರಾ? ನನಗೆ ಕಾಣುದಿಲ್ಲ, ಅದಕ್ಕೆ ತೊಂದರೆ ಇಲ್ಲ. ಹತ್ರ ಒಬ್ಬರು ಇದ್ದಾರೆ ಅಂತ ಅದಕ್ಕೆ ಗೊತ್ತಾದ್ರೆ ಸಾಕು."

ಸಂಕಪ್ಪನವರು ಗುಡ್ಡದ ಕಡೆ ಕೈ ಮಾಡಿದರು. ಜನ ಗುಡ್ಡದ ಆಚೆ ಇಳಿದರು. ನಾನು ಅತ್ತೆಯನ್ನು ಕರೆದುಕೊಂಡು ಮೂಗಿನ ಕಡೆ ನಡೆದೆ. ಕಟ್ಟೆಯ ಮೇಲೆ ಅವರು ಧರೆಗೆ ಮುಖ ಮಾಡಿ, ಕಾಲು ಮಡಿಚಿ ಕೂತರು. ನಾನು ಅವರ ಹೆಗಲಿಗೆ ಹಣೆಯಿಟ್ಟು ಕಣ್ಣು ಮುಚ್ಚಿದೆ. ಅವರು ಸೆರಗು ತೆಗೆದು ನನ್ನ ತಲೆಯ ಮೇಲೆ ಹಾಕಿದರು, ನನ್ನನ್ನೂ ಪೂರ್ತಿ ನಂಬಿರಲಿಲ್ಲ ಅಂತ ಕಾಣುತ್ತದೆ. ಸೆರಗಿನೊಳಗೆ ಎಲೆಯಡಿಕೆಯ, ಹೊಗೆಸೊಪ್ಪಿನ ವಾಸನೆ. ಅತ್ತೆಯ ಎದೆ ಬಡಿಯುವುದು ನನ್ನ ಹಣೆಗೆ ಗೊತ್ತಾಗುತ್ತಿತ್ತು.

"ಹೂಂ," ಎಂದರು ಅವರು, ಮಗುವಿಗೆ ಹೇಳುವ ಹಾಗೆ. "ಆಯ್ತು. ಸಾಕು ನಿಂತದ್ದು."

ಮೊದಲು ಸಣ್ಣಗೆ ಹರಳು ಉದುರುವ ಸದ್ದು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಆಮೇಲೆ ಮರ ಮುರಿಯುವಂಥ ಒಂದು ಸದ್ದು, ದೀರ್ಘವಾಗಿ, ಬಡಗಣ ತುದಿಯಿಂದ ನಮ್ಮ ಕಡೆಗೆ ಓಡಿ ಬಂತು. ಕಟ್ಟೆ ನಮ್ಮ ಕೆಳಗೆ ನಡುಗಿತು. ಅತ್ತೆ ನನ್ನನ್ನು ಬಿಗಿಯಾಗಿ ಹಿಡಿದರು. ಆಮೇಲಿನದನ್ನು ಸದ್ದು ಎನ್ನುವುದು ತಪ್ಪು, ಅದು ಕಿವಿಗಿಂತ ಹೆಚ್ಚಾಗಿ ಹೊಟ್ಟೆಗೆ ಕೇಳಿಸಿತು. ನೀರು ಸಿಡಿದು ನಮ್ಮ ತನಕ ಬಂತು. ಅದರ ಹಿಂದೆಯೇ ಧೂಳು, ಸೆರಗನ್ನೂ ದಾಟಿ ಬಾಯಿಗೆ ಬಂದ ಧೂಳಿಗೆ ವೀಳ್ಯದ ಸುಣ್ಣದ ರುಚಿಯಿತ್ತು. ಅತ್ತೆ ಕೆಮ್ಮುತ್ತಿದ್ದರು. ಕೆಮ್ಮುತ್ತ ನಗುತ್ತಿದ್ದರು. ಅಳುತ್ತಲೂ ಇದ್ದರೇನೋ, ಸೆರಗು ಸರಿಸಿ ನೋಡಿದಾಗ ಮುಖವೆಲ್ಲ ಬಿಳಿ, ಅದರಲ್ಲಿ ಎರಡು ಗೆರೆ.

"ಹೇಳು ಜಲಜ. ಹಿಂದಿನ ಮನೆಗಳು?"

ಧೂಳು ಇಳಿಯುವ ತನಕ ಕಾದೆ. ಬಿರುಕಿದ್ದಲ್ಲಿಗೇ ಕತ್ತಿ ಹಾಕಿದಂತೆ ಧರೆ ಕಡಿದು ನಿಂತಿತ್ತು. ಅದರಾಚೆ ಮನೆಗಳನ್ನು ಒಂದೊಂದಾಗಿ ಎಣಿಸಿದೆ. ಮೂವತ್ತನಾಲ್ಕೂ ಇದ್ದವು. ಒಂದು ಹೆಂಚೂ ಜಾರಿರಲಿಲ್ಲ. ಹೇಳಿದೆ. ಅತ್ತೆ ಕಟ್ಟೆಯ ಮೇಲೆಯೇ ಹಿಂದಕ್ಕೆ ಒರಗಿ ಮಲಗಿಬಿಟ್ಟರು. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಜನ ಓಡಿ ಬರುವುದು ಕೇಳಿಸಿತು.

ಹೊಸ ಗೋಡೆ ಸೀಳಿದ ಎಳನೀರಿನ ಗಂಜಿಯಷ್ಟು ಬಿಳಿ. ಮೊದಲ ವಾರ ಅದನ್ನು ನೋಡಲು ಊರಿಗೆ ಊರೇ ಮೂಗಿನ ಮೇಲೆ ನೆರೆಯುತ್ತಿತ್ತು. ಪದರದ ನಡುವೆ ಗಾಡಿಚಕ್ರದಷ್ಟು ದೊಡ್ಡ ಶಂಖವೊಂದು ಹೊರಗೆ ಬಂದಿತ್ತು, ಶಾಲೆಯ ಮೇಷ್ಟ್ರು ಅದರ ಚಿತ್ರ ಬರೆದು ತರಗತಿಯಲ್ಲಿ ತೂಗುಹಾಕಿದರು. ಬಿದ್ದ ರಾಶಿಯನ್ನು ಕಡಲು ಒಂದೇ ದಿನದಲ್ಲೇನೂ ಮರಳು ಮಾಡಲಿಲ್ಲ, ಆದರೆ ಅಲೆಯ ಪೆಟ್ಟು ಆ ರಾಶಿಗೆ ತಾಗಿ ನಿಲ್ಲುತ್ತಿತ್ತು, ಧರೆಯ ಬುಡ ಮುಟ್ಟುತ್ತಿರಲಿಲ್ಲ. ಮುಂದಿನ ಕಟ್ಟಳೆಯನ್ನು ಸಂಕಪ್ಪನವರು ಚಾವಡಿಯಲ್ಲಿ ಓದಿಸಿದರು. ದೋಣಿ ಇಳಿಯುವ ಎಂಟು ತಿಂಗಳು ಸರದಿ, ಮಳೆಯ ನಾಲ್ಕು ತಿಂಗಳು ಯಾರೂ ನೋಡುವಂತಿಲ್ಲ, ಯಾರೂ ಕೆಳಗೆ ಇಳಿಯುವಂತಿಲ್ಲ, ಬೀಳುವುದು ಬೀಳಲಿ. ಪುಸ್ತಕದಲ್ಲಿ ಮೊದಲ ಸಲ ನಾಲ್ಕು ತಿಂಗಳಿನ ಜಾಗವನ್ನು ಖಾಲಿ ಬಿಟ್ಟಾಗ ನನ್ನ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಲೇಖನಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದಾಗ, ಕಡಲ ದಾರಿಯೇ ಹತ್ತಿರವೆಂದು ದೂಮಣ್ಣ ದೋಣಿ ತಂದ. ಸುಂದರಿಯೂ ಬಂದಳು. ಅವಳ ಜೋಲಿ ಬಿಚ್ಚಿ ವಾರವಾಗಿತ್ತಷ್ಟೇ. ಯಾರೂ ಕರೆದಿರಲಿಲ್ಲ. "ಆಸ್ಪತ್ರೆಯಲ್ಲಿ ಜಲಜ ಒಬ್ಬಳೇ ಎಂತ ಮಾಡ್ತಾಳೆ, ಚೀಟಿ ಮಾಡಿಸ್ಲಿಕ್ಕೆ ಒಬ್ಬರು, ಕೂತ್ಕೊಳ್ಳಿಕ್ಕೆ ಒಬ್ಬರು ಬೇಕು," ಎಂದಳು, ಅತ್ತೆಯ ಮುಖ ನೋಡದೆ. ಒಂದು ಕಣ್ಣಿನ ಪೊರೆ ತೆಗೆದು, ಎಂಟು ದಿನ ಬಿಟ್ಟು ಇನ್ನೊಂದರದ್ದು ತೆಗೆದರು. ಅಷ್ಟು ದಿನವೂ ಗಂಜಿ ಕುಡಿಸಿದ್ದು, ಹೊತ್ತು ಹೊತ್ತಿಗೆ ಕಣ್ಣಿಗೆ ಮದ್ದು ಬಿಟ್ಟಿದ್ದು ಸುಂದರಿಯೇ. ಅವರಿಬ್ಬರು ಆ ಕಲ್ಲಿನ ವಿಷಯ ಮಾತಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ದಿನ ನಾನು ಮದ್ದು ತರಲು ಹೋಗಿ ಬಂದಾಗ, ಅತ್ತೆ ಸುಂದರಿಯ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರು.

ಕಟ್ಟು ಬಿಚ್ಚಿ ಊರಿಗೆ ಮರಳಿದ್ದು ಒಂದು ತಿಳಿಯಾದ ಬೆಳಿಗ್ಗೆ. ಮೂಗು ದಾಟುತ್ತಲೇ ಹೊಸ ಧರೆ ಎದುರಾಯಿತು. ದೂಮಣ್ಣ ದೋಣಿಯನ್ನು ನಿಧಾನ ಮಾಡಿದ. ಅತ್ತೆ ನೋಡಿದರು. ಅಲ್ಲಲ್ಲಿ ಹಕ್ಕಿಗಳು ಕೂತಿದ್ದವು, ಅವುಗಳ ಕಾಲ ಕೆಳಗಿನ ಬಿಳಿಯಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮ ಮನೆ ಇದ್ದ ಜಾಗದಲ್ಲಿ ಗಾಳಿ ಮಾತ್ರ. ಅತ್ತೆ ಬಹಳ ಹೊತ್ತು ನೋಡುತ್ತಾರೆ ಎಂದುಕೊಂಡಿದ್ದೆ.

"ಚಂದ ಆಗಿದೆ," ಎಂದರು. ಆಮೇಲೆ ಕೂತಲ್ಲೇ ಮೆಲ್ಲನೆ ತಿರುಗಿ, ಧರೆಗೆ ಬೆನ್ನು ಹಾಕಿ, ಪಡುವಣಕ್ಕೆ ಮುಖ ಮಾಡಿದರು. ಅಂಥ ವಿಶೇಷವೇನೂ ಅಲ್ಲಿರಲಿಲ್ಲ. ನೀರು, ಬಿಸಿಲು, ದೂರದಲ್ಲಿ ಎರಡು ಹಾಯಿ.

"ಅದೆಂತ ಸುಂದರಿ, ಅಲ್ಲಿ ಕಪ್ಪು?"

"ಅದು ಎಂತ ಅಲ್ಲ ಅಕ್ಕ, ಮೋಡದ ನೆರಳು."

"ಆ ಹೊಳೆ ಹರಿದ ಹಾಗೆ ಕಾಣುದು?"

"ಅದು ನೀರಿನ ಸೆಳೆತ. ಬುತಾಯಿ ಮೀನು ಅದರ ದಾರಿಯಲ್ಲೇ ಬರುದು."

"ಇಷ್ಟೆಲ್ಲ ಇತ್ತಾ ಈ ಕಡೆ," ಎಂದರು ಅತ್ತೆ.

ದೋಣಿಯ ತಳ ಮರಳಿಗೆ ಮೆತ್ತಗೆ ತಾಗಿತು. ದೂಮಣ್ಣ ಹಾರಿ ಇಳಿದು, ಇಳಿಸಿಕೊಳ್ಳಲು ಕೈ ಚಾಚಿದ. ಅತ್ತೆ ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಿಗೆ ಹೊಸ ಕಣ್ಣನ್ನು ಕಿರಿದು ಮಾಡಿ, ಸ್ವಲ್ಪ ನಾಚಿಕೊಂಡು ಕೇಳಿದರು.

"ದೂಮ, ನಿನಗೆ ಕೆಲಸ ಇಲ್ಲದಿದ್ರೆ ಇನ್ನೊಂದು ಸುತ್ತು ಹೋಗಿ ಬರುವನಾ?"

ದೂಮಣ್ಣ ಸುಂದರಿಯ ಮುಖ ನೋಡಿದ. ಸುಂದರಿ ಪೆಟ್ಟಾಗದ ಕೈಯಿಂದ ಹುಟ್ಟು ಎತ್ತಿ ಅವನ ಕೈಗೆ ಕೊಟ್ಟಳು.